ಸಂಬಳದ ಮರುದಿನದ ಪ್ರಶ್ನೆಗೆ ಉತ್ತರ ಯಾರ ಬಳಿ ಇದೆ?

ಗಾರ್ಮೆಂಟ್ ಕಾರ್ಖಾನೆಯಲ್ಲಿ ಜಗಳ ಹುಟ್ಟುವ ದಿನ ಯಾವುದೆಂದು ಕೇಳಿದರೆ, ಸಂಬಳ ಬಿದ್ದ ಮರುದಿನ ಎನ್ನುತ್ತೇನೆ. ಸಂಬಳ ಕಡಿಮೆ ಎಂಬುದು ಕೆಲಸಕ್ಕೆ ಸೇರುವ ದಿನವೇ ಎಲ್ಲರಿಗೂ ಗೊತ್ತಿರುತ್ತದೆ. ಆ ಅಸಮಾಧಾನದ ದಾರಿಯೇ ಬೇರೆ. ಮರುದಿನದ ಸಿಟ್ಟು ಲೆಕ್ಕ ತಾಳೆಯಾಗದ್ದರಿಂದ ಬಂದದ್ದು. ಭಾನುವಾರ ಬಂದು ಮಾಡಿದ ಓಟಿಯ, ಅಂದರೆ ಹೆಚ್ಚುವರಿ ಕೆಲಸದ, ಹಣ ಎಲ್ಲಿ ಹೋಯಿತು? ರಜೆ ಹಾಕಿದ್ದು ಒಂದು ದಿನ, ಹಿಡಿದದ್ದು ಎರಡು ದಿನದ್ದು, ಏಕೆ?

ಈ ಪ್ರಶ್ನೆಯನ್ನು ಟೈಲರ್ ಮೊದಲು ಕೇಳುವುದು ತನ್ನ ಲೈನಿನ, ಅಂದರೆ ಹೊಲಿಗೆ ಮಷೀನುಗಳ ಸಾಲಿನ, ಸೂಪರ್‌ವೈಸರನ್ನು. "ಎಚ್‌ಆರ್‌ನವರನ್ನು ಕೇಳಮ್ಮ" ಎಂದು ಆತ ಹೇಳುತ್ತಾನೆ. ಸಂಬಳ, ರಜೆ ನೋಡುವ ಆ ಎಚ್‌ಆರ್ ವಿಭಾಗದ ಕಿಟಕಿ ತೆರೆಯುವುದು ಊಟದ ಬಿಡುವಿನಲ್ಲಿ. ಅಲ್ಲಿ ಸಾಲು. ಸರದಿ ಬರುವ ಹೊತ್ತಿಗೆ ಬೆಲ್ ಹೊಡೆಯುತ್ತದೆ. ತಡವಾಗಿ ಹೋದರೆ ಅದೇ ಸೂಪರ್‌ವೈಸರನಿಂದ ಬೈಗುಳ. ಸಂಜೆ ಕಂಪನಿ ಬಸ್ಸಿನಲ್ಲಿ ಪಕ್ಕದವಳಿಗೂ ಹಾಗೇ ಆಗಿದೆಯೆಂದು ತಿಳಿಯುತ್ತದೆ. ಒಬ್ಬಳ ಪ್ರಶ್ನೆಯಾಗಿದ್ದದ್ದು ಇಡೀ ಬಸ್ಸಿನ ಪ್ರಶ್ನೆಯಾಗುವುದು ಹೀಗೆ. ಆಮೇಲೆ ಅದಕ್ಕೆ ಕೊಡುವ ಸರಿಯಾದ ಉತ್ತರವನ್ನೂ ಯಾರೂ ನಂಬುವುದಿಲ್ಲ.

ಇದು ಎಷ್ಟು ದೊಡ್ಡದಾಗಬಹುದು ಎಂಬುದನ್ನು ಬೆಂಗಳೂರು 2016ರ ಏಪ್ರಿಲ್ 18 ಮತ್ತು 19ರಂದು ನೋಡಿತು. ಉದ್ಯೋಗದಾತರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಅಧಿಸೂಚನೆ ಫೆಬ್ರವರಿಯಲ್ಲೇ ಹೊರಟಿತ್ತು. ಪಿಎಫ್ ಎಂದರೆ ಗಾರ್ಮೆಂಟ್ ಹೆಂಗಸರಿಗೆ ಮುಪ್ಪಿನ ಹಣವಲ್ಲ. ಮಗಳ ಮದುವೆ, ಮಗನ ಕಾಲೇಜು, ಕೈಸಾಲ ತೀರಿಸುವ ಹಣ. ಅಂಥ ಹಣದ ಸುದ್ದಿ ಅವರನ್ನು ತಲುಪಿದ್ದು ಪತ್ರಿಕೆಯಿಂದ, ಬಾಯಿಂದ ಬಾಯಿಗೆ. ಹೊಸೂರು ರಸ್ತೆಯಲ್ಲಿ ಸಾವಿರಾರು ಹೆಂಗಸರು ಕುಳಿತರು, ನಗರದ ಹಲವು ಕಡೆ ಸಂಚಾರ ನಿಂತಿತು, ಬಸ್ಸುಗಳು ಸುಟ್ಟವು. 19ರ ಸಂಜೆಗೆ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ನಿಯಮವೇ ತಪ್ಪಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಡುವಿನ ಎರಡು ತಿಂಗಳಲ್ಲಿ ನಿಮ್ಮ ಹೊಲಿಗೆ ಲೈನುಗಳ ಮುಂದೆ ನಿಂತು ಅದನ್ನು ವಿವರಿಸಿದವರು ಯಾರು ಎಂದು ಅಂದಿನ ಮ್ಯಾನೇಜರುಗಳನ್ನು ಕೇಳಬೇಕು.

ನಾಲ್ಕು ವರ್ಷದ ನಂತರ, 2020ರ ಡಿಸೆಂಬರ್ 12ರಂದು, ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಂಪನಿಯ ಘಟಕದಲ್ಲಿ ಸಂಬಳದ ತಕರಾರಿನಿಂದ ದಾಂಧಲೆ ನಡೆಯಿತು. ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ತಪಾಸಣೆ ಬೊಟ್ಟು ಮಾಡಿದ ಸಂಗತಿಗಳು ಬಹಳ ಸಾಮಾನ್ಯ: ಸ್ವಲ್ಪ ಕಾಲದಲ್ಲೇ 5,000 ಇದ್ದ ಕೆಲಸಗಾರರು 10,500 ಆದರು, ಎಚ್‌ಆರ್ ವಿಭಾಗ ಮಾತ್ರ ಆ ಲೆಕ್ಕಕ್ಕೆ ಬೆಳೆಯಲಿಲ್ಲ, ಹಾಜರಾತಿ ಯಂತ್ರದ ವ್ಯವಸ್ಥೆ ಅಕ್ಟೋಬರಿನಿಂದ ಕೆಟ್ಟಿತ್ತು. ಪಾಳಿಯ ಅವಧಿ ಎಂಟರಿಂದ ಹನ್ನೆರಡು ಗಂಟೆಗೆ ಏರಿದ್ದೂ ಅದೇ ಕಾಲದಲ್ಲಿ. ಗಲಭೆಯ ಬಳಿಕ ಕಂಪನಿ ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್‌ಗಳಲ್ಲಿ ದಿನವಿಡೀ ನಡೆಯುವ ಸಹಾಯವಾಣಿ ತೆರೆಯಿತು. ಗಾಜು ಒಡೆದ ಮೇಲೆ.

ಇಂಥ ಘಟನೆಗಳಾದ ಮೇಲೆ ಆಡಳಿತ ಮಂಡಳಿಗಳು ಮೊದಲು ಮಾಡುವ ಕೆಲಸ ಸೂಪರ್‌ವೈಸರುಗಳಿಗೆ ಮೃದುವಾಗಿ ಮಾತನಾಡುವ ತರಬೇತಿ ಏರ್ಪಡಿಸುವುದು. ನನಗೂ ಅಂಥ ಆಹ್ವಾನಗಳು ಬರುತ್ತವೆ. ಏಕವಚನ ಬಿಡಿ, ಅಮ್ಮ-ಅಕ್ಕಂದಿರ ಮೇಲೆ ಬೈಗುಳ ಬಳಸಬೇಡಿ ಎಂದು ಹೇಳಲೇಬೇಕು, ಹೇಳುತ್ತೇನೆ. ಆದರೆ ಆ ಸೂಪರ್‌ವೈಸರ್ ಕೂಗುವುದು ಹೆಚ್ಚಾಗಿ ಉತ್ತರವಿಲ್ಲದ್ದಕ್ಕೆ. ಪ್ರತಿ ಗಂಟೆಗೂ ಬೋರ್ಡಿನ ಮೇಲೆ ಪೀಸಿನ ಲೆಕ್ಕ ಬರೆಯಬೇಕಾದವನಿಗೆ ಸಂಬಳದ ವಿಷಯದಲ್ಲಿ ಏನೂ ತಿಳಿಸಿರುವುದಿಲ್ಲ. ಮಾಹಿತಿ ಕೊಡದೆ ಮರ್ಯಾದೆ ಕಲಿಸಿದರೆ, ಆತ ವಿನಯದಿಂದ "ಎಚ್‌ಆರ್‌ನವರನ್ನು ಕೇಳಿ" ಎನ್ನುತ್ತಾನೆ, ಅಷ್ಟೇ.

ಆದ್ದರಿಂದ ನಾನು ಮೊದಲು ಹಿಡಿಯುವುದು ಹಾಜರಾತಿ ಪಟ್ಟಿಯನ್ನು. ಸಂಬಳದ ಲೆಕ್ಕ ಮುಚ್ಚುವ ಮೂರು ದಿನ ಮೊದಲೇ ಪ್ರತಿ ಲೈನಿನ ಹಾಜರಿ ಮತ್ತು ಓಟಿ ಪಟ್ಟಿ ಆ ಲೈನಿನಲ್ಲೇ ಸುತ್ತಬೇಕು. ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಲಿ. ಪಿಎಫ್, ಇಎಸ್‌ಐ, ತುಟ್ಟಿಭತ್ಯೆ, ಬಸ್ಸಿನ ಮಾರ್ಗ ಏನೇ ಬದಲಾದರೂ ಸೂಪರ್‌ವೈಸರಿಗೆ ಲೈನಿಗಿಂತ ಮೊದಲು ತಿಳಿಯಬೇಕು. ತಾನು ಹೇಳಬೇಕಾದ್ದನ್ನು ಟೈಲರುಗಳಿಂದ ಕೇಳಿ ತಿಳಿದುಕೊಳ್ಳುವವನಿಗೆ ಲೈನಿನಲ್ಲಿ ಬೆಲೆ ಉಳಿಯುವುದಿಲ್ಲ. ಗೊತ್ತಿಲ್ಲದ್ದಕ್ಕೆ "ಗುರುವಾರದೊಳಗೆ ಹೇಳುತ್ತೇನೆ" ಎನ್ನುವ ಅಧಿಕಾರವೂ, ಗುರುವಾರದೊಳಗೆ ಅವನಿಗೆ ಉತ್ತರ ಕೊಡುವ ಒಬ್ಬ ಎಚ್‌ಆರ್ ಸಿಬ್ಬಂದಿಯೂ ಇರಬೇಕು. ನೋಟಿಸನ್ನು ಗೋಡೆಗೆ ಅಂಟಿಸಿ ಕೈತೊಳೆದುಕೊಳ್ಳುವುದಲ್ಲ, ಓದಿ ಹೇಳಬೇಕು. ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಹುಡುಗಿಯರಿರುವ ಲೈನಿನಲ್ಲಿ ಕನ್ನಡದಲ್ಲಿ ಮಾತ್ರ ಓದಿದರೆ ಅರ್ಧ ಲೈನಿಗೆ ಹೇಳಿದಂತೆ.

ಇನ್ನು ಸೂಪರ್‌ವೈಸರ್ ಮತ್ತು ಕ್ವಾಲಿಟಿ ಚೆಕ್ಕರ್ ನಡುವಿನ ಜಗಳ. ಇದಿಲ್ಲದ ಕಾರ್ಖಾನೆಯನ್ನು ನಾನು ಕಂಡಿಲ್ಲ. ಇಬ್ಬರ ಸ್ವಭಾವ ಹೊಂದುವುದಿಲ್ಲ ಎಂದು ಮ್ಯಾನೇಜರ್ ಒಬ್ಬರನ್ನು ಬೇರೆ ಲೈನಿಗೆ ಹಾಕುತ್ತಾರೆ. ಹೊಸ ಜೋಡಿಯೂ ತಿಂಗಳೊಳಗೆ ಜಗಳಕ್ಕೆ ಬೀಳುತ್ತದೆ. ಒಬ್ಬನನ್ನು ಎಷ್ಟು ಪೀಸ್ ಹೊರಬಿತ್ತು ಎಂದು ಅಳೆಯುತ್ತೀರಿ, ಇನ್ನೊಬ್ಬಳನ್ನು ಎಷ್ಟು ಪೀಸ್ ತಡೆದಳು ಎಂದು. ಜಗಳವನ್ನು ನೀವೇ ನೇಮಕ ಮಾಡಿದಂತಾಯಿತು. ಆಲ್ಟರೇಷನ್‌ಗೆ, ಅಂದರೆ ತಿದ್ದಿ ಹೊಲಿಯಲು, ವಾಪಸಾದ ಪೀಸನ್ನು ಲೈನಿನ ಉತ್ಪಾದನೆಯಿಂದ ಕಳೆದು, ಉಳಿದ ಅಂಕಿಯನ್ನು ಇಬ್ಬರ ಹೆಸರಿನಲ್ಲೂ ಬರೆಯಿಸಿ ನೋಡಿ. ಆಗಲೂ ತಕರಾರು ಬಂದರೆ ಅವರನ್ನು ಕ್ಯಾಬಿನ್ನಿಗೆ ಒಬ್ಬೊಬ್ಬರಾಗಿ ಕರೆಯಬೇಡಿ, ಯಾರು ಚಾಡಿ ಹೇಳಿದರು ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಮಷೀನಿನ ಬಳಿಯೇ, ವಾಪಸಾದ ಪೀಸನ್ನು ಕೈಯಲ್ಲಿ ಹಿಡಿದು, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಕೇಳಿ. ಕಾಲರ್ ಹೊಲಿಗೆ ವಕ್ರವಾಗಿರುವುದು ಮಷೀನಿನಿಂದಲೋ ಅವಸರದಿಂದಲೋ ಎಂಬುದು ಅಲ್ಲೇ ತಿಳಿಯುತ್ತದೆ.

"ನನ್ನ ಬಾಗಿಲು ಯಾವಾಗಲೂ ತೆರೆದಿದೆ" ಎನ್ನುವ ಮ್ಯಾನೇಜರುಗಳಿಗೆ ಒಂದು ಮಾತು. ಆ ಬಾಗಿಲಿಗೆ ಬರಬೇಕಾದರೆ ಟೈಲರ್ ತನ್ನ ಮಷೀನ್ ನಿಲ್ಲಿಸಿ, ಇಡೀ ಫ್ಲೋರ್ ನೋಡುತ್ತಿರುವಾಗ ನಡೆದು ಬರಬೇಕು. ಬರುವುದಿಲ್ಲ.

20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು ಎನ್ನುತ್ತದೆ ಕಾನೂನು. ಹಲವು ಕಡೆ ಅದು ಬೈಯರ್ ಆಡಿಟ್ಟಿಗಾಗಿ, ಅಂದರೆ ಬಟ್ಟೆ ಕೊಳ್ಳುವ ಕಂಪನಿಗಳ ತಪಾಸಣೆಗಾಗಿ, ಸಹಿ ಹಾಕಿಸಿಟ್ಟ ರಿಜಿಸ್ಟರ್ ಮಾತ್ರ. ಅದಕ್ಕೆ ಜೀವ ಕೊಡಬೇಕೆಂದಿದ್ದರೆ ಸದಸ್ಯರನ್ನು ಕೆಲಸಗಾರರೇ ಆರಿಸಲಿ, ಮೊದಲ ಸಭೆಯಲ್ಲಿ ಕುಡಿಯುವ ನೀರು, ಶೌಚಾಲಯ, ಬಸ್ಸಿನ ಸಮಯ ಮಾತ್ರ ಇರಲಿ. ವಾರದೊಳಗೆ ಬಗೆಹರಿಸಬಹುದಾದದ್ದನ್ನು ಬಗೆಹರಿಸಿ ತೋರಿಸಿ. ಸಂಬಳದ ಪ್ರಶ್ನೆಗಳು ಎರಡನೆಯ ಸಭೆಗೆ ತಾವಾಗಿಯೇ ಬರುತ್ತವೆ, ಬಸ್ಸಿನಲ್ಲಿ ಹರಡುವ ಮೊದಲು.