ಒಂದು ಕ್ಲಿಕ್ಕಿನ ಲೆಕ್ಕ: ಅಫಿಲಿಯೇಟ್ ಕಮಿಷನ್ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೋರುತ್ತದೆ

ಬೇರೆಯವರ ಮಾಲಿಗೆ ನಿಮ್ಮ ಪುಟದಿಂದ ಲಿಂಕ್ ಕೊಟ್ಟು, ಅದರಿಂದ ಮಾರಾಟವಾದರೆ ಕಮಿಷನ್ ಪಡೆಯುವುದೇ ಅಫಿಲಿಯೇಟ್ ಮಾರ್ಕೆಟಿಂಗ್. ಅದನ್ನು ಕಲಿಯಲು ಹೊರಟವರು ಮೊದಲು ಹುಡುಕುವುದು ಯಾವ ಕಂಪನಿ ಶೇಕಡಾ ಎಷ್ಟು ಕೊಡುತ್ತದೆ ಎಂಬ ಪಟ್ಟಿಯನ್ನು. ಅದನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಓದುಗ ಲಿಂಕ್ ಒತ್ತಿದಾಗಿನಿಂದ ನಿಮ್ಮ ಖಾತೆಗೆ ಹಣ ಬೀಳುವ ತನಕ ಆ ಕ್ಲಿಕ್ಕು ಎಲ್ಲೆಲ್ಲಿ ಹಾಯುತ್ತದೆ, ಎಲ್ಲಿ ತಪ್ಪಿಹೋಗುತ್ತದೆ ಎಂದು ತಿಳಿಯದಿದ್ದರೆ ಶೇಕಡಾ 10 ಕೊಡುವ ಕಂಪನಿಯಿಂದಲೂ ಕೈಗೆ ಏನೂ ಬರುವುದಿಲ್ಲ. ಈ ಟಿಪ್ಪಣಿಗೆ ಒಂದು ಉದಾಹರಣೆ ಹಿಡಿಯೋಣ: ಕನ್ನಡದ ಅಡುಗೆ ಸೈಟು, ಅದರಲ್ಲಿ ಮಿಕ್ಸಿ ಆರಿಸುವುದು ಹೇಗೆಂದು ಹೇಳುವ ಒಂದು ಪುಟ, ಅಮೆಜಾನ್ ಇಂಡಿಯಾಕ್ಕೆ ಹೋಗುವ ಲಿಂಕು. ಅಮೆಜಾನ್ ಇಂಥ ಅಫಿಲಿಯೇಟ್ ಕಾರ್ಯಕ್ರಮವನ್ನು ಅಮೆರಿಕದಲ್ಲಿ 1996ರಲ್ಲೇ ಆರಂಭಿಸಿತು. ಬೇರೆ ಕಂಪನಿಗಳ ನಿಯಮ ಬೇರೆಯಾದರೂ ಒಳಗಿನ ಯಂತ್ರ ಹೆಚ್ಚುಕಡಿಮೆ ಇದೇ.

ಟ್ಯಾಗ್ ಮತ್ತು ಕುಕೀ

ಅಫಿಲಿಯೇಟ್ ಲಿಂಕ್ ಎಂದರೆ ಮಾಮೂಲಿ ಲಿಂಕಿನ ಬಾಲಕ್ಕೆ ನಿಮ್ಮ ಗುರುತು, ಅಂದರೆ ಟ್ಯಾಗ್, ಅಂಟಿಸಿದ್ದು. ಅಮೆಜಾನ್ ಇಂಡಿಯಾದ ಟ್ಯಾಗ್ -21 ಎಂದು ಮುಗಿಯುತ್ತದೆ, ಅಮೆರಿಕದ್ದು -20 ಎಂದು. ಒಂದು ದೇಶದ ಟ್ಯಾಗನ್ನು ಇನ್ನೊಂದು ದೇಶದ ಅಂಗಡಿಯ ಲಿಂಕಿಗೆ ಹಾಕಿದರೆ ಲಿಂಕ್ ತೆರೆಯುತ್ತದೆ, ಮಾಲೂ ಕಾಣುತ್ತದೆ, ಕಮಿಷನ್ ಮಾತ್ರ ಬರುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ನಿಮ್ಮ ಸೈಟಿಗೆ ಬರುತ್ತಿದ್ದರೆ ಅವರಿಗೆ ಅಲ್ಲಿನ ಟ್ಯಾಗಿನ ಲಿಂಕೇ ಬೇಕು. (ಮಾಲೂ ಬೇರೆಯೇ ಬೇಕು. ಅಲ್ಲಿಯ ಕರೆಂಟು 120 ವೋಲ್ಟಿನದು, ಇಲ್ಲಿಯ 230 ವೋಲ್ಟಿನ ಮಿಕ್ಸಿ ಅಲ್ಲಿ ಸರಿಯಾಗಿ ಓಡದು.)

ಲಿಂಕ್ ಒತ್ತಿದ ಕೂಡಲೇ ಓದುಗನ ಬ್ರೌಸರಿನಲ್ಲಿ ಕುಕೀ ಎಂಬ ಸಣ್ಣ ದಾಖಲೆ ಕೂರುತ್ತದೆ. ಈತ ಇಂಥವರ ಕಡೆಯಿಂದ ಬಂದ ಎಂದು ಅಂಗಡಿಗೆ ನೆನಪಿರುವುದು ಅದರಿಂದಲೇ. ಅಮೆಜಾನಿನಲ್ಲಿ ಅದರ ಆಯುಸ್ಸು 24 ಗಂಟೆ. ಆ ಅವಧಿಯಲ್ಲಿ ಓದುಗ ಮಿಕ್ಸಿ ಬಿಟ್ಟು ಬೆಡ್‌ಶೀಟ್ ಕೊಂಡರೂ ಸಾಮಾನ್ಯವಾಗಿ ನಿಮ್ಮ ಲೆಕ್ಕಕ್ಕೇ ಸೇರುತ್ತದೆ, ಕಮಿಷನ್ ದರ ಮಾತ್ರ ಮಾಲಿನ ವಿಭಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಆದರೆ ನಡುವೆ ಆತ ಇನ್ನೊಬ್ಬರ ಲಿಂಕ್ ಒತ್ತಿದನೋ, ನಿಮ್ಮ ಹೆಸರು ಅಳಿಸಿ ಅವರ ಹೆಸರು ಬರುತ್ತದೆ. ಕೊನೆಯ ಕ್ಲಿಕ್ಕು ಯಾರ ಲಿಂಕಿನದೋ, ಹಣ ಅವರದು. ಎರಡು ವಾರ ಕೂತು ನೀವು ಬರೆದ ಹೋಲಿಕೆಯನ್ನು ಓದಿ ಮನಸ್ಸು ಮಾಡಿದ ಓದುಗ, ಹಣ ಕಟ್ಟುವ ಮೊದಲು ಕೂಪನ್ ಸೈಟೊಂದಕ್ಕೆ ಹಣಕಿ ಬಂದರೆ ಕಮಿಷನ್ ಕೂಪನ್ ಸೈಟಿನ ಪಾಲು. ನ್ಯಾಯವೆನಿಸದು, ಆದರೆ ಬಹುತೇಕ ಕಾರ್ಯಕ್ರಮಗಳು ನಡೆಯುವುದು ಹೀಗೆ.

ಆದ್ದರಿಂದ ನಿಮ್ಮ ಯಾವ ಪುಟದಲ್ಲಿ ಲಿಂಕ್ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಈ 24 ಗಂಟೆಯಲ್ಲೇ ಇದೆ. 'ಮಿಕ್ಸಿ ಎಂದರೇನು' ಎಂಬ ಪುಟಕ್ಕೆ ಬಂದವನು ಇವತ್ತು ಕೊಳ್ಳುವವನಲ್ಲ. '750 ವ್ಯಾಟಿನ ಮಿಕ್ಸಿಯಲ್ಲಿ ಇಡ್ಲಿ ಹಿಟ್ಟು ರುಬ್ಬಬಹುದೇ' ಎಂದು ಹುಡುಕಿ ಬಂದವನು ಕೊಳ್ಳುವ ಹೊಸ್ತಿಲಲ್ಲಿ ನಿಂತಿದ್ದಾನೆ. ಮೊದಲನೆಯ ಪುಟಕ್ಕೆ ಹತ್ತು ಪಟ್ಟು ಜನ ಬಂದರೂ ದುಡಿಯುವುದು ಎರಡನೆಯದೇ.

ಕ್ಲಿಕ್ ಬಿದ್ದೂ ಆರ್ಡರ್ ಕಾಣದಿದ್ದರೆ

ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಮೊಬೈಲ್. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಒತ್ತಿದ ಲಿಂಕು ಹಲವು ಸಲ ಆ ಆ್ಯಪಿನೊಳಗಿನ ಬ್ರೌಸರಿನಲ್ಲೇ ತೆರೆಯುತ್ತದೆ. ಅಲ್ಲಿ ಓದುಗ ಅಮೆಜಾನಿಗೆ ಲಾಗಿನ್ ಆಗಿರುವುದಿಲ್ಲ. ಪಾಸ್‌ವರ್ಡ್ ಕೇಳಿದೊಡನೆ ಮುಚ್ಚಿ, ತನ್ನ ಫೋನಿನಲ್ಲಿರುವ ಅಮೆಜಾನ್ ಆ್ಯಪ್ ತೆರೆದು ಹೆಸರು ಹುಡುಕಿ ಕೊಳ್ಳುತ್ತಾನೆ. ಕುಕೀ ಅಲ್ಲೇ ಉಳಿಯಿತು, ಆರ್ಡರ್ ಬೇರೆ ದಾರಿಯಲ್ಲಿ ಹೋಯಿತು. ಪರೀಕ್ಷೆ ಸುಲಭ: ಲಿಂಕನ್ನು ನಿಮ್ಮ ಫೋನಿನಲ್ಲೇ ಕ್ರೋಮ್, ವಾಟ್ಸಾಪ್, ಫೇಸ್‌ಬುಕ್ ಮೂರರಿಂದಲೂ ಒತ್ತಿ, ಎಲ್ಲಿ ತೆರೆಯುತ್ತದೆ, ವಿಳಾಸದಲ್ಲಿ ಟ್ಯಾಗ್ ಉಳಿದಿದೆಯೇ ನೋಡಿ. ಕೊಳ್ಳಲು ಹೋಗಬೇಡಿ. ಸ್ವಂತ ಲಿಂಕಿನಿಂದ ತಾನೇ ಕೊಂಡದ್ದಕ್ಕೆ ಕಮಿಷನ್ ಇಲ್ಲ, ಪದೇ ಪದೇ ಮಾಡಿದರೆ ಖಾತೆಗೇ ಕುತ್ತು. ಸಾಮಾಜಿಕ ಜಾಲದಲ್ಲಿ ಹಾಕುವುದಾದರೆ ಅಂಗಡಿಯ ಲಿಂಕಿನ ಬದಲು ನಿಮ್ಮ ಪುಟದ ಲಿಂಕ್ ಹಾಕುವುದು ವಾಸಿ. ಆ್ಯಪಿನೊಳಗಿನ ತೊಡಕು ಅದರಿಂದ ಪೂರ್ತಿ ನೀಗದು, ಆದರೆ ಓದುಗ ಮತ್ತೆ ಬರಲು ಒಂದು ಜಾಗವಾದರೂ ಇರುತ್ತದೆ.

ಇನ್ನೊಂದು ಕಾರಣ ಸತ್ತ ಲಿಂಕು. ಮಾಡೆಲ್ ನಿಂತುಹೋಗಿ 'ಸದ್ಯ ಲಭ್ಯವಿಲ್ಲ' ಎಂದು ಬರುವ ಪುಟಕ್ಕೆ ಜನರನ್ನು ಕಳಿಸುತ್ತಲೇ ಇರುತ್ತೇವೆ. ಹೆಚ್ಚು ಕ್ಲಿಕ್ ಬೀಳುವ ಹತ್ತು ಲಿಂಕುಗಳನ್ನು ತಿಂಗಳಿಗೊಮ್ಮೆ ಕೈಯಾರೆ ತೆರೆದು ನೋಡಿದರೆ ಸಾಕು, ಎಲ್ಲವನ್ನೂ ನೋಡಬೇಕಿಲ್ಲ.

ಹಣದ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ಹಾಕಿಕೊಂಡವು. ನಿಮ್ಮ ವರದಿಯ ಅಂಕಿಗಳನ್ನು ಇಟ್ಟು ಮತ್ತೆ ಮಾಡಿ. ತಿಂಗಳಿಗೆ 1,000 ಜನ ಪುಟ ಓದಿದರು, 60 ಜನ ಲಿಂಕ್ ಒತ್ತಿದರು, 3 ಜನ ಕೊಂಡರು. ಮಿಕ್ಸಿಯ ಬೆಲೆ ₹3,540. ಕಮಿಷನ್ ಬರುವುದು ತೆರಿಗೆ ಕಳೆದ ಬೆಲೆಯ ಮೇಲೆ. ಶೇಕಡಾ 18ರ ಜಿಎಸ್‌ಟಿ ತೆಗೆದರೆ ₹3,000. ದರ ಶೇಕಡಾ 5 ಎಂದಾದರೆ ಒಂದಕ್ಕೆ ₹150, ಮೂರಕ್ಕೆ ₹450. ಒಬ್ಬರು ಮಾಲು ಹಿಂದಿರುಗಿಸಿದರು, ಅದರ ಕಮಿಷನ್ನೂ ಹಿಂದೆ ಹೋಯಿತು. ಉಳಿದದ್ದು ₹300. ಅಂದರೆ ಪ್ರತಿ ಕ್ಲಿಕ್ಕಿಗೆ ₹5.

ಈ ಕೊನೆಯ ಅಂಕಿಯನ್ನೇ ನೆನಪಿಡಬೇಕು. ಎರಡು ಕಾರ್ಯಕ್ರಮಗಳನ್ನು ಹೋಲಿಸುವಾಗ ದರಕ್ಕೆ ದರ ಹೋಲಿಸಿದರೆ ಮೋಸಹೋಗುತ್ತೇವೆ. ಶೇಕಡಾ 12 ಕೊಡುವ, ಆದರೆ ಯಾರಿಗೂ ಹೆಸರು ಗೊತ್ತಿಲ್ಲದ ಅಂಗಡಿಗೆ ಅದೇ 60 ಕ್ಲಿಕ್ ಕಳಿಸಿದಾಗ ಒಂದೂ ಆರ್ಡರ್ ಆಗದಿದ್ದರೆ ಕ್ಲಿಕ್ಕಿನ ಬೆಲೆ ಸೊನ್ನೆ. ಜಾಹೀರಾತಿಗೆ ದುಡ್ಡು ಹಾಕುವವರಿಗೂ ಇದೇ ಮಿತಿ: ಅಂಗಡಿಗೆ ಹೋಗುವ ಒಂದು ಕ್ಲಿಕ್ಕಿನಿಂದ ₹5 ಬರುವಾಗ, ಪುಟಕ್ಕೆ ಒಬ್ಬನನ್ನು ಕರೆತರಲು ₹5 ಸುರಿದರೆ ನಷ್ಟ ಖಚಿತ. ಬಂದ 1,000 ಜನರಲ್ಲಿ ಲಿಂಕ್ ಒತ್ತುವವರು 60 ಜನ. ಹಾಗಾಗಿ ಒಬ್ಬ ಓದುಗನಿಗೆ ಖರ್ಚು ಮಾಡಬಹುದಾದದ್ದು 30 ಪೈಸೆಯೊಳಗೆ.

ಹಣ ಕೈಸೇರುವುದೂ ತಡ. ಅಮೆಜಾನ್ ಕೊಡುವುದು ಆ ತಿಂಗಳು ಮುಗಿದು ಸುಮಾರು 60 ದಿನಗಳ ನಂತರ. ಹೊಸ ಖಾತೆಗೆ 180 ದಿನಗಳಲ್ಲಿ 3 ಮಾರಾಟ ಆಗಬೇಕೆಂಬ ಷರತ್ತೂ ಇದೆ, ಆಗದಿದ್ದರೆ ಖಾತೆ ಮುಚ್ಚುತ್ತಾರೆ. ಹಾಗಾಗಿ ಸೈಟಿನಲ್ಲಿ ಐದಾರು ಪುಟವೂ ಇಲ್ಲದಾಗ ಅರ್ಜಿ ಹಾಕುವ ಆತುರ ಬೇಡ. ಈ ಆದಾಯಕ್ಕೆ ತೆರಿಗೆಯೂ ಉಂಟು. ಕಂಪನಿ ಮೊದಲೇ ಹಿಡಿದುಕೊಂಡ ತೆರಿಗೆ (ಟಿಡಿಎಸ್) ಆದಾಯ ತೆರಿಗೆ ಇಲಾಖೆಯ ನಿಮ್ಮ ವಾರ್ಷಿಕ ತೆರಿಗೆ ವಿವರಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ಸ್ ತುಂಬುವಾಗ ತಾಳೆ ನೋಡಿ.

ಹೇಳಬೇಕಾದ್ದು, ಮಾಡಬಾರದ್ದು

ಲಿಂಕಿನಿಂದ ನಿಮಗೆ ಹಣ ಬರುತ್ತದೆಂದು ಓದುಗನಿಗೆ ತಿಳಿಸಲೇಬೇಕು. ಜಾಹೀರಾತು ಕ್ಷೇತ್ರದ ಸ್ವಯಂನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿವೆ. ಕನ್ನಡ ಪುಟದಲ್ಲಿ ಕನ್ನಡದಲ್ಲೇ, ಮೊದಲ ಲಿಂಕಿಗಿಂತ ಮೇಲೆ ಇರಲಿ: 'ಈ ಪುಟದ ಲಿಂಕ್‌ಗಳಿಂದ ನೀವು ಕೊಂಡರೆ ನಮಗೆ ಕಮಿಷನ್ ಸಿಗುತ್ತದೆ, ನಿಮಗೆ ಬೆಲೆ ಹೆಚ್ಚಾಗುವುದಿಲ್ಲ.' ಪುಟದ ಅಡಿಯಲ್ಲಿ ಬೂದು ಅಕ್ಷರದಲ್ಲಿ ಅಡಗಿಸಿದರೆ ಹೇಳಿದಂತಲ್ಲ. ಗೂಗಲಿಗೂ ತಿಳಿಸಬೇಕು. ಅದಕ್ಕೆ ಲಿಂಕಿನ ಕೋಡಿನಲ್ಲಿ 'ಸ್ಪಾನ್ಸರ್ಡ್' ಎಂಬ ಗುರುತು ಹಾಕುವ ವ್ಯವಸ್ಥೆಯನ್ನು ಗೂಗಲ್ 2019ರಲ್ಲಿ ತಂದಿತು.

ಬೆಲೆಯನ್ನು ಪುಟದಲ್ಲಿ ಟೈಪ್ ಮಾಡಿ ಇಡಬೇಡಿ. ಅದು ನಾಳೆ ಬದಲಾಗುತ್ತದೆ, ಅಮೆಜಾನಿನ ನಿಯಮಕ್ಕೂ ವಿರುದ್ಧ. ಅಂಗಡಿಯ ಚಿತ್ರ, ಗ್ರಾಹಕರ ವಿಮರ್ಶೆ, ನಕ್ಷತ್ರಗಳನ್ನು ನಕಲಿಸುವುದಕ್ಕೂ ಇದೇ ಮಾತು. ಓದುಗನಿಗೆ ಗೊತ್ತಿಲ್ಲದೆ ಕುಕೀ ತುರುಕುವ ದಾರಿಯಂತೂ ನೇರ ವಂಚನೆ. ಆನ್‌ಲೈನ್ ಮಾರುಕಟ್ಟೆಯಾದ ಇಬೇ ಕಂಪನಿಗೆ ಹೀಗೆ ಮಾಡಿದ ಇಬ್ಬರು ದೊಡ್ಡ ಅಫಿಲಿಯೇಟ್‌ಗಳಿಗೆ ಅಮೆರಿಕದ ನ್ಯಾಯಾಲಯ 2014ರಲ್ಲಿ ಜೈಲು ಶಿಕ್ಷೆ ವಿಧಿಸಿತು.

ಇಷ್ಟೆಲ್ಲ ಸರಿಯಿದ್ದೂ ಪುಟ ಗೂಗಲಿನಲ್ಲಿ ಮೇಲೆ ಬರದಿದ್ದರೆ ಹಲವು ಸಲ ಪುಟದಲ್ಲಿ ಸರಕಿಲ್ಲವೆಂದು ಅರ್ಥ. ಕಂಪನಿಯ ವಿವರಣೆಯನ್ನೇ ಕನ್ನಡಕ್ಕೆ ತಿರುಗಿಸಿ ಲಿಂಕ್ ಹಚ್ಚಿದ ಪುಟಗಳನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿ ಕೆಳಗೆ ತಳ್ಳುತ್ತದೆ. ನೆನೆಸಿದ ಉದ್ದಿನಬೇಳೆ ಅರ್ಧ ಕಿಲೋ ಹಾಕಿ ನುಣ್ಣಗಾಗಲು ಎಷ್ಟು ನಿಮಿಷ ಬೇಕಾಯಿತು, ಹಿಟ್ಟು ಎಷ್ಟು ಬಿಸಿಯಾಯಿತು, ಓವರ್‌ಲೋಡ್ ಆಗಿ ನಿಂತಾಗ ಕೆಳಗಿನ ಕೆಂಪು ಗುಂಡಿ ಒತ್ತಿದರೆ ಮತ್ತೆ ಓಡಿತೇ, ಚಟ್ನಿ ಜಾರಿನಲ್ಲಿ ಒಂದು ಹಿಡಿ ಕಾಯಿತುರಿ ಬ್ಲೇಡಿಗೆ ಸಿಗುತ್ತದೆಯೇ, ವೈರ್ ಎಷ್ಟು ಉದ್ದ, ರಾಯಚೂರು, ಶಿರಸಿಯಂಥ ಊರಿನಲ್ಲಿ ಸರ್ವಿಸ್ ಸೆಂಟರ್ ಇದೆಯೇ: ಇವನ್ನು ಅಳೆದು, ನಿಮ್ಮದೇ ಫೋಟೋ ತೆಗೆದು ಬರೆಯಿರಿ. ಯಾವ ಮಾಡೆಲನ್ನು ಯಾರು ಕೊಳ್ಳಬಾರದು ಎಂಬುದನ್ನೂ ಬರೆಯಿರಿ. ಮಾಲು ಹಿಂದಿರುಗುವುದು ಕಡಿಮೆಯಾಗುವುದು ಆ ಒಂದು ಪ್ಯಾರಾದಿಂದ.