ಸೋತಾಗ ಮಗು ಏನೆಂದುಕೊಳ್ಳುತ್ತದೆ?

ಗಣಿತದ ಟೆಸ್ಟ್‌ನಲ್ಲಿ ಇಬ್ಬರು ಹುಡುಗಿಯರಿಗೆ ಕಡಿಮೆ ಮಾರ್ಕ್ಸ್ ಬಂದಿದೆ ಅಂದುಕೊಳ್ಳಿ. ಒಬ್ಬಳು ‘ಭಿನ್ನರಾಶಿ ಸರಿಯಾಗಿ ಕಲಿತಿರಲಿಲ್ಲ’ ಎನ್ನುತ್ತಾಳೆ. ಇನ್ನೊಬ್ಬಳು ‘ನನ್ನ ತಲೆಗೆ ಗಣಿತ ಹತ್ತುವುದೇ ಇಲ್ಲ’ ಎನ್ನುತ್ತಾಳೆ. ಮೊದಲನೆಯವಳಿಗೆ ನಾಳೆ ಏನು ಮಾಡಬೇಕೆಂದು ಗೊತ್ತಾಯಿತು. ಎರಡನೆಯವಳು ಪುಸ್ತಕ ಮುಚ್ಚಿಟ್ಟಳು.

ಇಂಥ ಮಗುವಿಗೆ ನಾವೇನು ಮಾಡುತ್ತೇವೆ? ಸುಲಭದ ಲೆಕ್ಕ ಕೊಡುತ್ತೇವೆ. ನಾಲ್ಕು ಸಲ ಗೆದ್ದರೆ ತಾನಾಗಿಯೇ ಧೈರ್ಯ ಬರುತ್ತದೆ ಅಂತ ನಂಬಿಕೆ. ಅಮೆರಿಕದ ಮನೋವಿಜ್ಞಾನಿ ಕ್ಯಾರೊಲ್ ಡ್ವೆಕ್ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. 1975ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇದ್ದವರು 8ರಿಂದ 13 ವರ್ಷದ ಬರೀ 12 ಮಕ್ಕಳು. ಒಮ್ಮೆ ಸೋತರೆ ಸಾಕು, ಬರುವ ಲೆಕ್ಕವನ್ನೂ ಕೈಬಿಡುವಂಥವರು. ಅರ್ಧ ಮಕ್ಕಳಿಗೆ ದಿನವೂ ಗೆಲುವೇ ಸಿಗುವಂತೆ ನೋಡಿಕೊಂಡರು. ಉಳಿದವರಿಗೆ ನಡುನಡುವೆ ಬೇಕಂತಲೇ ಸೋಲನ್ನೂ ಇಟ್ಟರು. ಸೋತಾಗ ಎಷ್ಟು ಲೆಕ್ಕ ಆಗಬೇಕಿತ್ತು, ಎಷ್ಟು ಆಯಿತು ಎಂದು ತಿಳಿಸಿ, ‘ಇನ್ನಷ್ಟು ಪ್ರಯತ್ನ ಬೇಕಿತ್ತು’ ಎನ್ನುತ್ತಿದ್ದರು.

ಕೊನೆಗೆ ಎರಡೂ ಗುಂಪಿಗೆ ಸೋಲಿನ ರುಚಿ ತೋರಿಸಿದರು. ಗೆದ್ದೇ ಅಭ್ಯಾಸವಾದವರು ಮೊದಲಿನ ಹಾಗೆಯೇ ಕುಸಿದರು. ಸೋಲಿನ ಕಾರಣ ಹುಡುಕಲು ಕಲಿತವರು ಲೆಕ್ಕ ಮುಂದುವರಿಸಿದರು. 12 ಮಕ್ಕಳು ತೀರಾ ಕಡಿಮೆ, ನಿಜ. ಆದರೆ ಕೇಳಿದ ಪ್ರಶ್ನೆ ಚೆನ್ನಾಗಿತ್ತು. ಮುಂದೆ 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳಿಗೆ ‘ಬುದ್ಧಿ ಬೆಳೆಸಿಕೊಳ್ಳುವಂಥದ್ದು’ ಎಂಬ ಪುಟ್ಟ ಆನ್‌ಲೈನ್ ಪಾಠ ಕೊಟ್ಟು ನೋಡಿದರು. ಹಿಂದುಳಿದ ಮಕ್ಕಳ ಅಂಕ ಏರಿತು, ಆದರೆ ಅಲ್ಲಿನ ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕದಲ್ಲಿ ಸುಮಾರು 0.1 ಮಾತ್ರ. ಒಂದು ತಾಸಿಗಿಂತ ಕಡಿಮೆಯ ಪಾಠಕ್ಕೆ ಇಷ್ಟಾದರೂ ಬಂತಲ್ಲ ಅನ್ನಬಹುದು. ಇದನ್ನು ಮಂತ್ರದಂಡದ ಹಾಗೆ ಮಾರುವವರನ್ನು ಮಾತ್ರ ನಂಬಬೇಡಿ.

ನಮ್ಮ ಮನೆಗಳಲ್ಲಿ ‘ಪ್ರಯತ್ನ’ ಎಂಬುದು ಬೈಗುಳವಾಗುವುದೇ ಜಾಸ್ತಿ. ‘ಮೊಬೈಲ್ ಬಿಟ್ಟು ಓದಿದ್ದರೆ ಬರ್ತಿತ್ತು’ ಎಂದರೆ ಮಗುವಿಗೆ ದಾರಿ ಸಿಗುವುದಿಲ್ಲ, ಅವಮಾನ ಸಿಗುತ್ತದೆ. ಅದರ ಬದಲು ಉತ್ತರಪತ್ರಿಕೆ ಹಿಡಿದು ಪಕ್ಕದಲ್ಲಿ ಕೂತು, ‘ಯಾವ ಹೆಜ್ಜೆಯಲ್ಲಿ ತಪ್ಪಿತು ನೋಡೋಣ ಬಾ’ ಎನ್ನಬಹುದಲ್ವಾ? ಓದಿಯೂ ಬರದಿದ್ದರೆ ಓದುವ ರೀತಿಯನ್ನೇ ಬದಲಿಸಬೇಕು. ಇನ್ನೂ ಜಾಸ್ತಿ ಹೊತ್ತು ಕೂರಿಸಿ ಪ್ರಯೋಜನವಿಲ್ಲ.

ಗೆಳೆತನದ ಗೋಳಿಗೂ ಇದು ಹೊಂದುತ್ತದೆ. ‘ಅಮ್ಮಾ, ನನ್ನ ಜೊತೆ ಯಾರೂ ಆಡಲ್ಲ’ ಎಂದರೆ ತಕ್ಷಣ ‘ಹಾಗೆಲ್ಲ ಏನಿಲ್ಲ ಪುಟ್ಟಾ’ ಎಂದು ಬಾಯಿ ಮುಚ್ಚಿಸಬೇಡಿ. ಮೊದಲು ಕೇಳಿಸಿಕೊಳ್ಳಿ. ಅಳು ನಿಂತ ಮೇಲೆ ‘ಇವತ್ತು ಯಾರು ಸೇರಿಸಿಕೊಳ್ಳಲಿಲ್ಲ? ನಿನ್ನೆ ಯಾರ ಜೊತೆ ಆಡಿದೆ?’ ಎಂದು ಕೇಳಿ. ‘ಯಾರೂ’ ಎಂಬುದು ಇಬ್ಬರಿಗೆ ಇಳಿಯಬಹುದು. ನಾಳೆ ಯಾರ ಹತ್ತಿರ ಹೋಗಬೇಕೆಂದು ಮಗುವೇ ಹೇಳಬಹುದು.

ಉತ್ತರ ಬೇರೆ ಥರ ಬಂದರೂ ಬರಬಹುದು. ದಿನವೂ ಯಾರೋ ಹೊಡೆಯುತ್ತಿದ್ದಾರೆ ಎಂದು ಗೊತ್ತಾದರೆ, ಮಗುವಿಗೆ ಯೋಚನೆ ಬದಲಿಸು ಎನ್ನುವುದು ಅನ್ಯಾಯ. ಆಗ ಶಾಲೆಗೆ ಹೋಗಿ ಮಾತಾಡಬೇಕಾದವರು ದೊಡ್ಡವರು.