ಪ್ರಮಾಣಾನುಗುಣ ಪ್ರಾತಿನಿಧ್ಯ: ಓಟಿಗೆ ತಕ್ಕ ಸೀಟು

2024ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಸಂಸತ್ ಚುನಾವಣೆ ನಡೆಯಿತು. ರಿಫಾರ್ಮ್ ಯುಕೆ ಎಂಬ ಪಕ್ಷಕ್ಕೆ ಸುಮಾರು 41 ಲಕ್ಷ ಓಟು ಬಿದ್ದವು. ಲಿಬರಲ್ ಡೆಮಾಕ್ರಟ್ ಪಕ್ಷಕ್ಕೆ ಸುಮಾರು 35 ಲಕ್ಷ. ಯಾರಿಗೆ ಎಷ್ಟು ಸೀಟು ಬಂದಿರಬಹುದು, ಮನಸ್ಸಿನಲ್ಲೇ ಒಂದು ಅಂದಾಜು ಹಾಕಿ. 35 ಲಕ್ಷದವರಿಗೆ 72 ಸೀಟು. 41 ಲಕ್ಷದವರಿಗೆ 5. ಎಣಿಕೆಯಲ್ಲಿ ಮೋಸ ಆಗಿರಲಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದಿತ್ತು.

ಅದೇ ಚುನಾವಣೆಯಲ್ಲಿ ಲೇಬರ್ ಪಕ್ಷ ಶೇ 34ಕ್ಕಿಂತ ತುಸು ಕಡಿಮೆ ಓಟು ಪಡೆದು, 650ರಲ್ಲಿ 411 ಸೀಟು ಗೆದ್ದಿತು. ಓಟು ಮೂರರಲ್ಲಿ ಒಂದು ಪಾಲು, ಸೀಟು ಹತ್ತಿರ ಹತ್ತಿರ ಎರಡು ಪಾಲು.

"ಇದೆಂಥ ಲೆಕ್ಕ ಮಾರಾಯರೇ" ಅನಿಸಿತಾ? ನಾವು ಇವತ್ತು ನೋಡುವ ಪದ ಹುಟ್ಟಿದ್ದೇ ಈ ಪ್ರಶ್ನೆಯಿಂದ.

ರಾಜಕೀಯದ ಸುದ್ದಿಯಲ್ಲಿ 'ಪ್ರಮಾಣ' ಅಂದ ಕೂಡಲೇ ಹೊಸ ಮಂತ್ರಿಗಳ ಪ್ರಮಾಣವಚನ ನೆನಪಾಗುತ್ತದೆ. ಇಲ್ಲಿ ಅದಲ್ಲ. ಇಲ್ಲಿ ಪ್ರಮಾಣ ಅಂದರೆ ಅಳತೆ, ಪಾಲು. ಅನುಗುಣ ಅಂದರೆ ತಕ್ಕಂತೆ. ಒಂದು ಪಕ್ಷಕ್ಕೆ ಜನ ಎಷ್ಟು ಪಾಲು ಓಟು ಕೊಟ್ಟರೋ, ಶಾಸನಸಭೆಯಲ್ಲಿ ಅದಕ್ಕೆ ಅಷ್ಟೇ ಪಾಲು ಸೀಟು ಸಿಗಬೇಕು ಅನ್ನುವುದು ಪ್ರಮಾಣಾನುಗುಣ ಪ್ರಾತಿನಿಧ್ಯ. ಕೆಲವು ಪುಸ್ತಕಗಳಲ್ಲಿ 'ಅನುಪಾತ ಪ್ರಾತಿನಿಧ್ಯ' ಅಂತಲೂ ಇರುತ್ತದೆ, ಎರಡೂ ಒಂದೇ. ಇದರ ಎದುರು ನಿಲ್ಲುವುದು ನಮಗೆಲ್ಲ ಚೆನ್ನಾಗಿ ಗೊತ್ತಿರುವ ಪದ್ಧತಿ: ಕ್ಷೇತ್ರಕ್ಕೆ ಒಂದೇ ಸೀಟು, ಉಳಿದವರಿಗಿಂತ ಒಂದು ಓಟು ಜಾಸ್ತಿ ಪಡೆದವರಿಗೆ ಆ ಸೀಟು. ಅದನ್ನು 'ಗೆದ್ದವರಿಗೇ ಎಲ್ಲ' ಪದ್ಧತಿ ಅಂತ ಕರೆಯೋಣ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಐದು ಸೀಟು ಇವೆ, ಒಂದು ಲಕ್ಷ ಮತದಾರರಿದ್ದಾರೆ. ನಾಲ್ಕು ಪಕ್ಷಗಳಿಗೆ 'ಅ', 'ಆ', 'ಇ', 'ಈ' ಅಂತ ಹೆಸರಿಡೋಣ. 'ಅ' ಪಕ್ಷಕ್ಕೆ 46 ಸಾವಿರ, 'ಆ' ಪಕ್ಷಕ್ಕೆ 29 ಸಾವಿರ, 'ಇ' ಪಕ್ಷಕ್ಕೆ 17 ಸಾವಿರ, 'ಈ' ಪಕ್ಷಕ್ಕೆ 8 ಸಾವಿರ ಓಟು. ಇದನ್ನು ಐದು ಕ್ಷೇತ್ರಗಳಾಗಿ ಒಡೆದು, ಎಲ್ಲ ಕಡೆ ಓಟು ಹೆಚ್ಚು ಕಡಿಮೆ ಇದೇ ರೀತಿ ಬಿತ್ತು ಅಂದುಕೊಳ್ಳಿ. 'ಅ' ಪಕ್ಷ ಐದಕ್ಕೆ ಐದೂ ಗೆಲ್ಲುತ್ತದೆ. 54 ಸಾವಿರ ಜನ ಅದಕ್ಕೆ ಓಟು ಹಾಕಿಲ್ಲ, ಆದರೂ ಸಭೆಯಲ್ಲಿ ಅವರ ಪರ ಒಬ್ಬರೂ ಇಲ್ಲ.

ಈಗ ಅದೇ ಐದು ಸೀಟುಗಳನ್ನು ಒಂದೇ ದೊಡ್ಡ ಕ್ಷೇತ್ರ ಮಾಡಿ, ಓಟಿನ ಪಾಲಿಗೆ ತಕ್ಕಂತೆ ಹಂಚೋಣ. ಸಮ ಭಾಗ ಆಗುವುದಿಲ್ಲ, ಯಾಕೆಂದರೆ ಅರ್ಧ ಶಾಸಕ, ಕಾಲು ಶಾಸಕ ಅಂತ ಇರುವುದಿಲ್ಲವಲ್ಲ. ಅದಕ್ಕೊಂದು ಸೂತ್ರ ಬೇಕು. ಬೆಲ್ಜಿಯಂನ ಕಾನೂನು ಪ್ರೊಫೆಸರ್ ವಿಕ್ಟರ್ ಡಿ'ಹಾಂಟ್ ಹತ್ತೊಂಬತ್ತನೇ ಶತಮಾನದಲ್ಲಿ ಕೊಟ್ಟ ಸೂತ್ರ ಸುಲಭ. ಪ್ರತಿ ಪಕ್ಷದ ಓಟನ್ನು 1, 2, 3 ಹೀಗೆ ಭಾಗಿಸುತ್ತಾ ಹೋಗಿ. ಬಂದ ಉತ್ತರಗಳಲ್ಲಿ ದೊಡ್ಡ ಐದನ್ನು ಆರಿಸಿ. 'ಅ' ಪಕ್ಷಕ್ಕೆ 46, 23, 15.3 ಸಾವಿರ ಬರುತ್ತದೆ. 'ಆ' ಪಕ್ಷಕ್ಕೆ 29, 14.5. 'ಇ' ಪಕ್ಷಕ್ಕೆ 17. ಮೊದಲ ಐದು ದೊಡ್ಡ ಸಂಖ್ಯೆಗಳು 46, 29, 23, 17, 15.3. ಅಂದರೆ 'ಅ' ಪಕ್ಷಕ್ಕೆ ಮೂರು, 'ಆ' ಪಕ್ಷಕ್ಕೆ ಒಂದು, 'ಇ' ಪಕ್ಷಕ್ಕೆ ಒಂದು.

29 ಸಾವಿರದವರಿಗೂ ಒಂದು, 17 ಸಾವಿರದವರಿಗೂ ಒಂದಾ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಫ್ರಾನ್ಸಿನ ಗಣಿತಜ್ಞ ಸೇಂಟ್-ಲಾಗ್ ಅವರ ಸೂತ್ರದಲ್ಲಿ 1, 3, 5 ಹೀಗೆ ಬೆಸ ಸಂಖ್ಯೆಗಳಿಂದ ಭಾಗಿಸುತ್ತಾರೆ. ಆಗ ಹಂಚಿಕೆ ಎರಡು, ಎರಡು, ಒಂದು ಆಗುತ್ತದೆ. ಬೇಕಾದರೆ ನೀವೇ ಪೆನ್ನು ಹಿಡಿದು ಮಾಡಿ ನೋಡಿ. ಡಿ'ಹಾಂಟ್ ದೊಡ್ಡ ಪಕ್ಷದ ಕಡೆ ಸ್ವಲ್ಪ ವಾಲುತ್ತದೆ, ಸೇಂಟ್-ಲಾಗ್ ಅಷ್ಟು ವಾಲುವುದಿಲ್ಲ. ಆದರೆ ಸೂತ್ರ ಯಾವುದಾದರೂ ಇರಲಿ, ಶೇ 46 ಓಟಿಗೆ ನೂರಕ್ಕೆ ನೂರು ಸೀಟು ಅನ್ನುವ ಫಲಿತಾಂಶ ಮಾತ್ರ ಬರುವುದಿಲ್ಲ.

ಹಾಗಾದರೆ 'ಗೆದ್ದವರಿಗೇ ಎಲ್ಲ' ಅನ್ನುವ ಹಳೆಯ ಪದ್ಧತಿಯಲ್ಲಿ ಸಣ್ಣ ಪಕ್ಷಗಳಿಗೆ ಅನ್ಯಾಯ ಅಂತಲಾ? ಪೂರ್ತಿ ಹಾಗಲ್ಲ. ಅಲ್ಲಿ ಎಷ್ಟು ಓಟು ಅನ್ನುವುದಕ್ಕಿಂತ ಎಲ್ಲಿ ಬಿದ್ದ ಓಟು ಅನ್ನುವುದು ಮುಖ್ಯ. ಕೆನಡಾದಲ್ಲಿ 1993ರಲ್ಲಿ ಆಳುತ್ತಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷಕ್ಕೆ ಶೇ 16 ಓಟು ಬಂತು. ಸೀಟು 295ರಲ್ಲಿ ಎರಡೇ ಎರಡು. ಬ್ಲಾಕ್ ಕ್ವಿಬೆಕ್ವಾ ಪಕ್ಷಕ್ಕೆ ಶೇ 13.5, ಸೀಟು 54. ಅದು ಕ್ವಿಬೆಕ್ ಪ್ರಾಂತ್ಯದಲ್ಲಿ ಮಾತ್ರ ಸ್ಪರ್ಧಿಸಿತ್ತು, ಓಟೆಲ್ಲ ಒಂದೇ ಕಡೆ ಗುಡ್ಡೆ ಬಿದ್ದಿದ್ದವು. ಇನ್ನೊಂದು ಪಕ್ಷದ ಓಟು ದೇಶದ ತುಂಬ ತೆಳ್ಳಗೆ ಹರಡಿತ್ತು. ಕೊನೆಗೆ ಕೆನಡಾದಿಂದ ಬೇರೆ ಆಗಬೇಕು ಅನ್ನುವ ಪಕ್ಷವೇ ಕೆನಡಾ ಸಂಸತ್ತಿನ ಅಧಿಕೃತ ವಿರೋಧ ಪಕ್ಷವಾಗಿ ಕೂತಿತು! ಒಂದೇ ಪ್ರದೇಶ, ಒಂದೇ ಗುಂಪನ್ನು ನೆಚ್ಚಿಕೊಂಡವರಿಗೆ ಲಾಭ, ಎಲ್ಲ ಕಡೆ ಸ್ವಲ್ಪ ಸ್ವಲ್ಪ ಜನರನ್ನು ಸೇರಿಸಿಕೊಂಡವರಿಗೆ ನಷ್ಟ. ನನ್ನ ಪ್ರಕಾರ ಹಳೆಯ ಪದ್ಧತಿಯ ಮೇಲಿನ ದೊಡ್ಡ ದೂರು ಇದೇ.

ಇನ್ನೊಂದು ದೂರು ಮತದಾರರ ಮನಸ್ಸಿನ ಬಗ್ಗೆ. "ಅವರು ಒಳ್ಳೆಯವರೇ, ಆದರೆ ಗೆಲ್ಲಲ್ಲ. ಸುಮ್ನೆ ಓಟು ಯಾಕೆ ಹಾಳು ಮಾಡಬೇಕು?" ಈ ಮಾತು ಕೇಳದವರು ಯಾರಿದ್ದಾರೆ? ಗೆದ್ದೆತ್ತಿನ ಬಾಲ ಹಿಡಿಯುವುದು ಅಂತ ನಾವು ಅದನ್ನು ಹಂಗಿಸುತ್ತೇವೆ. ಪಾಪ, ತಪ್ಪು ಮತದಾರರದ್ದಲ್ಲ. ಎತ್ತುಗಳ ಓಟದಲ್ಲಿ ಮೊದಲು ಬಂದ ಎತ್ತಿಗೆ ಮಾತ್ರ ಬಹುಮಾನ ಅಂದಮೇಲೆ ಇನ್ನೇನು ಮಾಡುತ್ತಾರೆ? ಇಂಥ ಪದ್ಧತಿ ಎರಡೇ ದೊಡ್ಡ ಪಕ್ಷಗಳ ಕಡೆಗೆ ಜನರನ್ನು ತಳ್ಳುತ್ತದೆ ಅಂತ ಫ್ರೆಂಚ್ ವಿದ್ವಾಂಸ ಮೋರಿಸ್ ಡುವರ್ಜೆ ಇಪ್ಪತ್ತನೇ ಶತಮಾನದ ಮಧ್ಯದಲ್ಲೇ ವಾದಿಸಿದ್ದರು. ಪಾಲಿಗೆ ತಕ್ಕ ಸೀಟು ಸಿಗುವ ಕಡೆ ಈ ಭಯ ಕಡಿಮೆ. ಇಷ್ಟವಾದವರಿಗೇ ಓಟು ಹಾಕಬಹುದು. ಮೂರನೆಯವರು ನಿಂತು ಮತ ಒಡೆದರು ಅಂತ ಬೈಯುವುದೂ ಕಡಿಮೆಯಾಗುತ್ತದೆ.

ಅತ್ತಿಂದ ಇತ್ತ ದಾಟಿದವರ ಕತೆ ಬೇಕಾದರೆ ನ್ಯೂಜಿಲೆಂಡ್ ನೋಡಬೇಕು. ಅಲ್ಲಿ 1978ರಲ್ಲಿ ಲೇಬರ್ ಪಕ್ಷಕ್ಕೆ ನ್ಯಾಷನಲ್ ಪಕ್ಷಕ್ಕಿಂತ ಜಾಸ್ತಿ ಓಟು ಬಿತ್ತು, ಆದರೆ ಸರ್ಕಾರ ಮಾಡಿದ್ದು ನ್ಯಾಷನಲ್. 1981ರಲ್ಲಿ ಮತ್ತೆ ಹಾಗೇ ಆಯಿತು. ಆ ವರ್ಷ ಸೋಶಿಯಲ್ ಕ್ರೆಡಿಟ್ ಎಂಬ ಮೂರನೇ ಪಕ್ಷಕ್ಕೆ ಐದರಲ್ಲಿ ಒಂದು ಪಾಲು ಓಟು ಬಂದು, ಸೀಟು ಸಿಕ್ಕಿದ್ದು ಎರಡು. ಜನರಿಗೆ ರೇಗಿತು. ಸರ್ಕಾರ ನೇಮಿಸಿದ ರಾಯಲ್ ಕಮಿಷನ್ 1986ರಲ್ಲಿ ಪದ್ಧತಿ ಬದಲಾಯಿಸಿ ಅಂತ ಹೇಳಿತು. ದೊಡ್ಡ ಪಕ್ಷಗಳೆರಡಕ್ಕೂ ಅದರಲ್ಲಿ ಅಂಥ ಆಸಕ್ತಿ ಇರಲಿಲ್ಲ, ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ಆದರೂ 1992 ಮತ್ತು 1993ರಲ್ಲಿ ಜನಮತಗಣನೆ ನಡೆದು, ಜನ ಬದಲಾವಣೆಯನ್ನೇ ಆರಿಸಿದರು. 1996ರಲ್ಲಿ ಹೊಸ ಪದ್ಧತಿಯ ಮೊದಲ ಚುನಾವಣೆ ಆಯಿತು. 2011ರಲ್ಲಿ 'ಇದನ್ನೇ ಇಟ್ಟುಕೊಳ್ಳೋಣವಾ?' ಅಂತ ಮತ್ತೆ ಕೇಳಿದಾಗಲೂ ಹೆಚ್ಚಿನವರು ಹೌದು ಅಂದರು.

ಅವರು ಆರಿಸಿದ್ದು ಮಿಶ್ರ ಪದ್ಧತಿ. ಜರ್ಮನಿಯಲ್ಲಿ ಎರಡನೇ ಮಹಾಯುದ್ಧದ ನಂತರ ಬೆಳೆದ ಮಾದರಿ ಅದು. ಮತದಾರರಿಗೆ ಎರಡು ಓಟು. ಒಂದು ತಮ್ಮ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಕ್ಷೇತ್ರಗಳಲ್ಲಿ ಗೆದ್ದ ಸೀಟು ಕಡಿಮೆಯಾದರೆ, ಪಕ್ಷದ ಓಟಿನ ಪಾಲಿಗೆ ಸರಿಯಾಗುವಷ್ಟು ಸೀಟನ್ನು ಪಕ್ಷ ಮೊದಲೇ ಕೊಟ್ಟ ಅಭ್ಯರ್ಥಿಗಳ ಪಟ್ಟಿಯಿಂದ ತುಂಬುತ್ತಾರೆ. 'ನಮ್ಮ ಕ್ಷೇತ್ರದ ಪ್ರತಿನಿಧಿ' ಅಂತ ಒಬ್ಬರು ಉಳಿಯುತ್ತಾರೆ, ಒಟ್ಟು ಲೆಕ್ಕವೂ ಸರಿಹೋಗುತ್ತದೆ.

ಆಫ್ರಿಕಾದ ಪುಟ್ಟ ದೇಶ ಲೆಸೊಥೊ ಇದಕ್ಕೆ ಬಂದ ದಾರಿ ಇನ್ನೂ ಕಷ್ಟದ್ದು. 1998ರಲ್ಲಿ ಅಲ್ಲಿ ಒಂದು ಪಕ್ಷ ಸುಮಾರು ಶೇ 60 ಓಟಿಗೆ 80ರಲ್ಲಿ 79 ಸೀಟು ಗೆದ್ದಿತು. ಸೋತವರು ಬೀದಿಗಿಳಿದರು. ರಾಜಧಾನಿ ಮಸೇರು ಹೊತ್ತಿ ಉರಿಯಿತು, ಪಕ್ಕದ ದಕ್ಷಿಣ ಆಫ್ರಿಕಾದ ಸೈನ್ಯ ಒಳಗೆ ಬಂತು. 2002ರ ಚುನಾವಣೆಯ ಹೊತ್ತಿಗೆ 80 ಕ್ಷೇತ್ರಗಳ ಜೊತೆಗೆ 40 ಪಟ್ಟಿ ಸೀಟು ಸೇರಿಸಿ ಮಿಶ್ರ ಪದ್ಧತಿ ತಂದರು. ವಿರೋಧಿಗಳಿಗೂ ಒಳಗೆ ಕೂರಲು ಕುರ್ಚಿ ಸಿಕ್ಕಿತು.

ಮಿಶ್ರ ಪದ್ಧತಿ ಅಲ್ಲದೆ ಬರೀ ಪಟ್ಟಿಯ ಪದ್ಧತಿಯೂ ಇದೆ. ನೆದರ್ಲೆಂಡ್ಸ್‌ನಲ್ಲಿ ಇಡೀ ದೇಶವೇ ಒಂದು ಕ್ಷೇತ್ರ ಇದ್ದಂತೆ. ಕೆಳಮನೆಯಲ್ಲಿ 150 ಸೀಟು, ನೂರೈವತ್ತರಲ್ಲಿ ಒಂದು ಪಾಲು ಓಟು ಬಂದರೆ ಒಂದು ಸೀಟು ಖಾತ್ರಿ. ಪಟ್ಟಿಯಲ್ಲೂ ಎರಡು ಬಗೆ. ತೆರೆದ ಪಟ್ಟಿಯಲ್ಲಿ ಯಾವ ಅಭ್ಯರ್ಥಿ ಬೇಕು ಅಂತ ಮತದಾರರು ಗುರುತು ಹಾಕಬಹುದು. ಮುಚ್ಚಿದ ಪಟ್ಟಿಯಲ್ಲಿ ಹೆಸರುಗಳ ಸಾಲು ಪಕ್ಷವೇ ಬರೆದಿಟ್ಟಿರುತ್ತದೆ. ಮುಚ್ಚಿದ ಪಟ್ಟಿ ನನಗೆ ಅಷ್ಟು ಹಿಡಿಸುವುದಿಲ್ಲ. ಪಟ್ಟಿಯ ಮೇಲಿನ ಸಾಲಿನಲ್ಲಿ ಇರಬೇಕು ಅಂದರೆ ಜನರನ್ನಲ್ಲ, ಪಕ್ಷದ ಹಿರಿತಲೆಗಳನ್ನು ಒಲಿಸಿಕೊಳ್ಳಬೇಕಾಗುತ್ತದೆ.

ಪದದ ಹೆಸರು ನೋಡಿ ಮೋಸ ಹೋಗಬಾರದು ಅನ್ನುವುದಕ್ಕೆ ಟರ್ಕಿಯ 2002ರ ಚುನಾವಣೆ ಒಳ್ಳೆಯ ಉದಾಹರಣೆ. ಅಲ್ಲಿ ಇದ್ದದ್ದು ಪ್ರಮಾಣಾನುಗುಣ ಪದ್ಧತಿಯೇ. ಆದರೆ ದೇಶದಲ್ಲಿ ಶೇ 10 ಓಟು ದಾಟದ ಪಕ್ಷಕ್ಕೆ ಸೀಟೇ ಇಲ್ಲ ಅನ್ನುವ ಹೊಸ್ತಿಲು ಇಟ್ಟಿದ್ದರು. ಆ ಸಲ ಎರಡೇ ಪಕ್ಷಗಳು ಹೊಸ್ತಿಲು ದಾಟಿದವು. ಎಕೆ ಪಕ್ಷಕ್ಕೆ ಶೇ 34 ಓಟಿಗೆ 550ರಲ್ಲಿ 363 ಸೀಟು ಬಂತು. ಶೇ 45ರಷ್ಟು ಓಟು ಹೊಸ್ತಿಲ ಆಚೆಯೇ ಉಳಿಯಿತು. 2024ರ ಬ್ರಿಟನ್ನಿನ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ? ಏನೂ ಇಲ್ಲ. ಹಾಗಂತ ಹೊಸ್ತಿಲೇ ಬೇಡ ಅನ್ನಲಾಗದು, ತೀರಾ ಚಿಕ್ಕ ಗುಂಪುಗಳು ಹತ್ತಾರು ಬಂದು ಸಭೆ ಚೂರಾಗುವುದನ್ನು ಅದು ತಡೆಯುತ್ತದೆ. ಜರ್ಮನಿಯಲ್ಲಿ ಶೇ 5, ಇಸ್ರೇಲಿನಲ್ಲಿ ಶೇ 3.25 ಇದೆ. ಕ್ಷೇತ್ರಕ್ಕೆ ಎಷ್ಟು ಸೀಟು ಅನ್ನುವುದೂ ಇಷ್ಟೇ ಮುಖ್ಯ. ನಮ್ಮ ಉದಾಹರಣೆಯ 'ಈ' ಪಕ್ಷಕ್ಕೆ, ಅದೇ 8 ಸಾವಿರ ಓಟಿಗೆ, ಡಿ'ಹಾಂಟ್ ಸೂತ್ರದಲ್ಲಿ ಒಂದು ಸೀಟು ಸಿಗಬೇಕಾದರೆ ಒಟ್ಟು ಹನ್ನೊಂದು ಸೀಟು ಇರಬೇಕು.

ಈಗ ಎದುರು ವಾದ. ಸರ್ಕಾರ ಗಟ್ಟಿ ಇರುವುದಿಲ್ಲ ಅನ್ನುವುದು ಮೊದಲನೆಯದು. ಸುಳ್ಳೇನಲ್ಲ. ಇಸ್ರೇಲ್ 2019ರ ಏಪ್ರಿಲ್‌ನಿಂದ 2022ರ ನವೆಂಬರ್ ಒಳಗೆ ಐದು ಚುನಾವಣೆ ಕಂಡಿತು. ಬೆಲ್ಜಿಯಂ 2010-11ರಲ್ಲಿ 541 ದಿನ ಪೂರ್ಣ ಸರ್ಕಾರವಿಲ್ಲದೆ ಕಳೆಯಿತು. ಆದರೆ ಇದೇ ಬಗೆಯ ಪದ್ಧತಿ ಇರುವ ಜರ್ಮನಿಯಲ್ಲಿ ಒಬ್ಬರೇ ಚಾನ್ಸಲರ್ ಹದಿನಾರು ವರ್ಷ ಆಳಿದ್ದು ಎರಡು ಸಲ ನಡೆದಿದೆ, ಹೆಲ್ಮುಟ್ ಕೋಲ್ ಒಮ್ಮೆ, ಆಂಗೆಲಾ ಮರ್ಕೆಲ್ ಇನ್ನೊಮ್ಮೆ. ಸಮ್ಮಿಶ್ರ ಸರ್ಕಾರ ಅಂದ ಕೂಡಲೇ ಬೀಳುವ ಸರ್ಕಾರ ಅಂತ ಅರ್ಥವಲ್ಲ. ಒಂದೇ ಪಕ್ಷಕ್ಕೆ ಬಹುಮತ ಬರುವುದೇ ಇಲ್ಲ ಅಂತಲೂ ಅಲ್ಲ. ನ್ಯೂಜಿಲೆಂಡಿನಲ್ಲಿ 2020ರಲ್ಲಿ ಲೇಬರ್ ಪಕ್ಷಕ್ಕೆ ಅರ್ಧದಷ್ಟು ಓಟು ಬಂತು, 120ರಲ್ಲಿ 65 ಸೀಟೂ ಬಂತು.

ಇನ್ನೊಂದು ವಾದ ಹೆದರಿಸುವಂಥದ್ದು. ಹಿಟ್ಲರ್ ಬಂದದ್ದೇ ಪ್ರಮಾಣಾನುಗುಣ ಪದ್ಧತಿಯಿಂದ ಅನ್ನುತ್ತಾರೆ. ಹೊಸ್ತಿಲಿಲ್ಲದ ಆ ಕಾಲದ ಜರ್ಮನಿಯಲ್ಲಿ ಸಣ್ಣ ಪಕ್ಷಗಳ ಸಂತೆಯೇ ಇತ್ತು, ನಿಜ. ಆದರೆ 1932ರ ಜುಲೈ ಚುನಾವಣೆಯಲ್ಲಿ ನಾಜಿಗಳಿಗೆ ಬಂದದ್ದು ಶೇ 37 ಓಟು, 608ರಲ್ಲಿ 230 ಸೀಟು. ಅವರೇ ಎಲ್ಲರಿಗಿಂತ ದೊಡ್ಡ ಪಕ್ಷ, ಆದರೂ ಬಹುಮತ ಇಲ್ಲ. ಉಳಿದ ಓಟು ಹತ್ತಾರು ಕಡೆ ಒಡೆದಿರುವಾಗ ಗೆದ್ದವರಿಗೇ ಎಲ್ಲ ಅನ್ನುವ ಪದ್ಧತಿಯಲ್ಲಿ ಶೇ 37ಕ್ಕೆ ಏನು ಸಿಗುತ್ತಿತ್ತು? ಬ್ರಿಟನ್ನಿನಲ್ಲಿ ಶೇ 34ಕ್ಕೆ ಸಿಕ್ಕಿದ್ದನ್ನು ಈಗಷ್ಟೇ ನೋಡಿದೆವು.

ಇನ್ನು ಉಳಿದದ್ದು ಪ್ರಾಶಸ್ತ್ಯದ ಮತ. ಐರ್ಲೆಂಡಿನಲ್ಲಿ 1922ರಿಂದ ಇದೆ. ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಸೀಟು. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ಬರೆಯುತ್ತಾರೆ. ನಾಲ್ಕು ಸೀಟಿಗೆ 50 ಸಾವಿರ ಓಟು ಬಿದ್ದಿದ್ದರೆ, 50 ಸಾವಿರವನ್ನು ಸೀಟಿಗಿಂತ ಒಂದು ಜಾಸ್ತಿ, ಅಂದರೆ ಐದರಿಂದ ಭಾಗಿಸಿ, ಬಂದ ಉತ್ತರಕ್ಕೆ ಒಂದು ಸೇರಿಸಿ. 10,001 ಬಂದವರು ಗೆದ್ದಂತೆ. ಅವರಿಗೆ ಹೆಚ್ಚಾಗಿ ಬಿದ್ದ ಓಟು, ಕೊನೆಯಲ್ಲಿ ಉಳಿದು ಹೊರಬಿದ್ದವರ ಓಟು, ಎರಡೂ ಮುಂದಿನ ಪ್ರಾಶಸ್ತ್ಯದವರಿಗೆ ದಾಟುತ್ತವೆ. ಎಣಿಕೆ ನಿಧಾನ, ಒಮ್ಮೊಮ್ಮೆ ದಿನಗಟ್ಟಲೆ. ಇದನ್ನು ತೆಗೆಯೋಣ ಅಂತ 1959ರಲ್ಲಿ, ಮತ್ತೆ 1968ರಲ್ಲಿ ಅಲ್ಲಿನ ಸರ್ಕಾರ ಜನರ ಮುಂದೆ ಹೋಯಿತು. ಎರಡು ಸಲವೂ ಜನ ಬೇಡ ಅಂದರು.

ಭಾರತದ ರಾಜ್ಯಸಭೆಗೆ ಶಾಸಕರು ಓಟು ಹಾಕುವುದೂ ಈ ರೀತಿಯಲ್ಲೇ. ರಾಷ್ಟ್ರಪತಿ ಚುನಾವಣೆಯ ಬಗ್ಗೆಯೂ ಸಂವಿಧಾನದ 55ನೇ ವಿಧಿ 'ಪ್ರಮಾಣಾನುಗುಣ ಪ್ರಾತಿನಿಧ್ಯ' ಅನ್ನುವ ಮಾತನ್ನೇ ಬಳಸುತ್ತದೆ. ಪೌರನೀತಿಯ ಪಾಠದಲ್ಲಿ ಬಾಯಿಪಾಠ ಮಾಡುವಾಗ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಅಲ್ಲಿ ಇರುವುದು ಒಂದೇ ಕುರ್ಚಿ. ಒಂದನ್ನು ಯಾವ ಪ್ರಮಾಣದಲ್ಲಿ ಹಂಚುವುದು? ಪ್ರಾಶಸ್ತ್ಯದ ಮತ ಅಲ್ಲಿ ಇದೆ, ಪ್ರಮಾಣ ಇಲ್ಲ.